ನೈಟ್ ಶಿಫ್ಟಿನ ಗಂಡ

ಕರಿಬಸವ ಸಾಯುವ ಹಿಂದಿನ ದಿನ ಅವರ ಮನೆಯಲ್ಲಿ ಜಗಳವಾಗಿತ್ತು. ಇದರಲ್ಲಿ ವಿಶೇಷವೇನೂ ಇಲ್ಲ. ಜಗಳವಾಗದ ದಿನ ಯಾವುದಾದರೂ ಇದ್ದಿದ್ದರೆ ಅದನ್ನು ವಿಶೇಷ ಎನ್ನಬಹುದಿತ್ತು.

ಕರಿಬಸವನಿಗೆ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ. ಮನೆ ಕುರುಗೋಡಿನಲ್ಲಿ, ಬಾಡಿಗೆಯದು. ಮಕ್ಕಳಿರಲಿಲ್ಲ. ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಹೆಂಡತಿ ಜಡೆಮ್ಮ ಇಪ್ಪತ್ತಾರು ವರ್ಷ ಆ ಪಾಳಿಯ ಹಿಂದೆಯೇ ಓಡಿದವಳು. ಒಂದು ವಾರ ನಸುಕಿನಲ್ಲಿ ಬುತ್ತಿ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ರಾತ್ರಿ ಪಾಳಿಯ ವಾರವಂತೂ ಹಗಲೆಲ್ಲ ಮನೆಯಲ್ಲಿ ತಟ್ಟೆ ಸದ್ದಾಗಬಾರದು, ಬಾಗಿಲು ಕಿರ್ ಎನ್ನಬಾರದು, ಜಡೆಮ್ಮ ಕೆಮ್ಮಬಾರದು. ಆ ದಿನ ಅವಳ ಕೈಯಿಂದ ಕುಕ್ಕರಿನ ಮುಚ್ಚಳ ಜಾರಿ ಬಿತ್ತು.

“ಬ್ಯಾಂಡ್ ಬಾರಿಸಾಕ ನಾನೇನು ಮದಿವಿ ಗಂಡೇನು?” ಕರಿಬಸವ ಒಳಗಿನಿಂದ ಕೂಗಿದ.

“ಆಗಿದ್ದೊಂದ ಸಾಕಾಗೈತಿ. ಸುಮ್ನ ಮಲಕ್ಕೊಳ್ರಿ.”

“ನಿದ್ದಿ ಹೋತು. ಉಗ್ಗಾಣಿನಾರ ಮಾಡು.”

“ಮೂರು ಗಂಟೆಗೆ ಯಾರರ ಉಗ್ಗಾಣಿ ತಿಂತಾರೇನ್ರಿ?”

“ನನಗ ಈಗ ಬೆಳಗಾಗೈತಿ.”

“ನಿಮ್ಮ ಬೆಳಗು ನಿಮ್ಮ ಹತ್ರ ಇಟ್ಕೊಳ್ರಿ. ನನ್ನ ಒಲಿಗೆ ಈಗ ರಜಾ.”

ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದರೆ ಮುಗಿಯುವ ಕೆಲಸ. ಮಾಡಿಕೊಡಲಿಲ್ಲ. ಅವನು ಮುಖ ಊದಿಸಿಕೊಂಡೇ ಬುತ್ತಿ ಹಿಡಿದು ಡ್ಯೂಟಿಗೆ ಹೋದ. ಮರುದಿನ ಬೆಳಿಗ್ಗೆ ಬಂದು ಕಟ್ಟೆಯ ಮೇಲೆ ಕುಳಿತು ಬೂಟು ಬಿಚ್ಚಿದ. ಒಂದನ್ನು ಬಿಚ್ಚಿದ. ಎರಡನೆಯದನ್ನು ಜಡೆಮ್ಮ ಬಿಚ್ಚಿದಳು. ಡಾಕ್ಟರು ಹಾರ್ಟು ಅಂದರು. (ಅಂಥದ್ದೊಂದು ಅವನಿಗಿದೆ ಎಂದು ಇಪ್ಪತ್ತಾರು ವರ್ಷದಲ್ಲಿ ಜಡೆಮ್ಮನಿಗೆ ಒಮ್ಮೆಯೂ ಅನುಮಾನ ಬಂದಿರಲಿಲ್ಲ.)

ದಿನಗಳ ಕಾರ್ಯವೆಲ್ಲ ಮುಗಿಯಿತು. ಕರಿಬಸವನ ಅಣ್ಣ ಮರಿಬಸಪ್ಪ ಸಿರುಗುಪ್ಪದಿಂದ ಟಂಟಂ ಗಾಡಿ ತಂದು ಸಾಮಾನು ಹೇರಿದ.

“ಗಂಡ ಇಲ್ಲದಾಕಿ ಒಬ್ಬಾಕಿ ಇರಬಾರದಮ್ಮ. ಜನ ನಮಗ ಉಗುಳ್ತಾರ. ನಮ್ಮನ್ಯಾಗ ನಿನಗೇನು ಕಡಿಮಿ?”

ಕಡಿಮೆ ಏನೂ ಇರಲಿಲ್ಲ. ಬಾಯಿಗಳಂತೂ ಕಡಿಮೆಯೇ ಇರಲಿಲ್ಲ. ಎಣಿಸಿದರೆ ಹನ್ನೊಂದು. ಜಡೆಮ್ಮ ಹೊಸಿಲು ದಾಟಿದ ದಿನವೇ ಮರಿಬಸಪ್ಪನ ಹೆಂಡತಿ ಸಾವಂತ್ರಮ್ಮನಿಗೆ ಮಂಡಿ ನೋವು ಶುರುವಾಯಿತು. ಒಲೆಯ ಮುಂದೆ ಕೂರಲು ಬಾರದಂಥ ನೋವು. ಟೀವಿ ಇರುವ ಮಹಡಿಗೆ ಹತ್ತುವಾಗ ಮಾತ್ರ ಮಂಡಿ ತಕರಾರು ಮಾಡುತ್ತಿರಲಿಲ್ಲ. ಹನ್ನೊಂದು ಮಂದಿಗೆ ಎರಡು ಹೊತ್ತು ರೊಟ್ಟಿ ಬಡಿದು ಬಡಿದು ಜಡೆಮ್ಮನಿಗೆ ಅಳಲೂ ಬಿಡುವಿಲ್ಲದಾಯಿತು. ರಾತ್ರಿ ಅಳೋಣ ಎಂದು ಎತ್ತಿಟ್ಟುಕೊಳ್ಳುವಳು. ದಿಂಬಿಗೆ ತಲೆ ಕೊಟ್ಟರೆ ನಿದ್ದೆ.

“ಜಡೆಮ್ಮ ಬಂದ ಮ್ಯಾಲೆ ಮನಿ ಮನಿಯಂಗಾಗೈತಿ,” ಎಂದು ಮರಿಬಸಪ್ಪ ಐದನೆಯ ರೊಟ್ಟಿ ಮುರಿಯುತ್ತಾ ಊರಿಗೆಲ್ಲ ಹೇಳಿದ.

ಆಗ ಮೀನಾಳ ಫೋನು ಬಂತು. ಮೀನಾ ಕುರುಗೋಡಿನಲ್ಲಿ ಪಕ್ಕದ ಮನೆಯವಳು. ಈಗ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ಯೂನಿಟ್ಟಿಗೆ ಸೂಪರ್‌ವೈಸರಮ್ಮ.

“ಅಕ್ಕಾ, ನಿಮಗ ಮಷಿನ್ ಬರ್ತೈತಲ್ಲ, ಬಂದುಬಿಡ್ರಿ. ಪ್ಯಾಂಟಿನ ಹಿಂದಿನ ಕಿಸೆ ಹೊಲಿಯೋರು ಸಿಗವಲ್ರು. ಈಗ ದುಡಿಯೋ ಹೆಣ್ಮಕ್ಕಳು ಸಿಟ್ಯಾಗ ಒಬ್ಬರ ರೂಮ್ ಮಾಡ್ಕೊಂಡು ಆರಾಮ ಇರ್ತಾರಕ್ಕ. ಅದಕ್ಕ ಸಿಂಗಲ್ ಅಂತಾರ.”

ಜಡೆಮ್ಮ ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ಕುರುಗೋಡಿನಲ್ಲಿ ಗಂಡ ಸತ್ತವಳು, ಸಿರುಗುಪ್ಪದಲ್ಲಿ ಪಾಪದವಳು, ಬಳ್ಳಾರಿಗೆ ಹೋದರೆ ಸಿಂಗಲ್. ಬಸ್ ಚಾರ್ಜು ಕೊಟ್ಟರೆ ಸಿಗುವ ಬಡ್ತಿ! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಷ್ಟು ದೊಡ್ಡ ಪದವಿ ಇನ್ನೆಲ್ಲಿ ಸಿಗಬೇಕು?

ಮರಿಬಸಪ್ಪ ಹಾರಾಡಿದ. ಕೊನೆಗೆ, ತನ್ನ ಔದಾರ್ಯಕ್ಕೆ ತಾನೇ ಬೆರಗಾಗುತ್ತಾ, ಹೇಳಿದ: “ಹೋಗು. ಆದ್ರ ಒಂದ ಒಂದು ದೂರು ನನ್ನ ಕಿವಿಗೆ ಬೀಳ್ಲಿ. ಗಾಡಿ ತಂದು ಸಾಮಾನು ಹಾಕ್ಕೊಂಡು ಬರ್ತೀನಿ. ಆಮ್ಯಾಲ ಈ ಹೊಸಲು ದಾಟಂಗಿಲ್ಲ.”

ಬಳ್ಳಾರಿ ದುಬಾರಿ ಊರು. ಗಣಿ ದುಡ್ಡು ಬಂದಾಗ ಏರಿದ ಬಾಡಿಗೆ, ದುಡ್ಡು ಹೋದ ಮೇಲೆ ಇಳಿಯುವುದನ್ನು ಮರೆತುಬಿಟ್ಟಿತ್ತು. ಕಾಲು ಚಾಚಿದರೆ ಬಾಗಿಲು ತೆರೆದುಕೊಳ್ಳುವಂಥ ರೂಮಿಗೂ ಮಾಲೀಕರು ಅರಮನೆಯ ಗತ್ತಿನಲ್ಲಿ ಮಾತಾಡಿದರು. ಅದನ್ನೂ ಸಹಿಸಬಹುದು. ಎಲ್ಲ ಕಡೆಯೂ ಕೊನೆಗೆ ಒಂದೇ ಪ್ರಶ್ನೆ ಬರುತ್ತಿತ್ತು.

“ಎಷ್ಟು ಮಂದಿ?”

“ನಾನೊಬ್ಬಾಕಿ.”

“ಒಬ್ಬರಿಗೆ ಕೊಡಂಗಿಲ್ಲ. ಫ್ಯಾಮಿಲಿಗಷ್ಟ.”

ಐದನೆಯ ಮನೆ ದಾವಲಬೀಯದು. ಅಂಗಳದ ಒಂದು ಬದಿ ಅವಳ ಮನೆ, ಎದುರು ಬದಿ ಖಾಲಿ ರೂಮು. ದಾವಲಬೀಗೆ ಅರವತ್ತು ದಾಟಿತ್ತು. ಗಂಟಲಿಗೆ ಮಾತ್ರ ಇಪ್ಪತ್ತು. ಅವಳು ಅಂಗಳದಲ್ಲಿ ನಿಂತು ಮೊಮ್ಮಕ್ಕಳನ್ನು ಬೈದರೆ ಆಚೆ ಗಲ್ಲಿಯ ಮಕ್ಕಳು ಓದಲು ಕೂರುತ್ತಿದ್ದರು. ಅವಳೂ ಅದನ್ನೇ ಕೇಳಿದಳು.

“ಒಬ್ಬಾಕಿ ಏನು?”

“ಇಲ್ಲ ಆಪಾ. ನಾನು, ನಮ್ಮನಿಯವ್ರು.”

“ಏನ್ ಮಾಡ್ತಾರ?”

“ಕುಡತಿನ್ಯಾಗ ಡ್ಯೂಟಿ. ಈ ವಾರ ನೈಟ್ ಶಿಫ್ಟ್.”

ಹೇಳಿದ್ದೆಲ್ಲ ನಿಜವೇ. ಐದು ತಿಂಗಳಷ್ಟು ಹಳೆಯ ನಿಜ, ಅಷ್ಟೇ. ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ಜಡೆಮ್ಮನೇ ಒಂದು ಕ್ಷಣ, ಬುತ್ತಿ ಕಟ್ಟಬೇಕಲ್ಲ ಎಂದುಕೊಂಡಳು.

ತಲೆಯ ಮೇಲಿನ ಸೆರಗು ಅವತ್ತು ಹಣೆ ಮುಚ್ಚಿತ್ತು. ಆದರೆ ನೈಟ್ ಶಿಫ್ಟಿನ ಗಂಡ ಇರುವವಳ ಹಣೆ ಬೋಳಾಗಿದ್ದರೆ ಆಗುವುದಿಲ್ಲ. ಬಜಾರಿನಿಂದ ಸ್ಟಿಕ್ಕರಿನ ಪಾಕೀಟು ತಂದಳು, ಒಂದು ಡಜನ್ ಗಾಜಿನ ಬಳೆ ತಂದಳು. ಹಚ್ಚಿಕೊಂಡು, ತೊಟ್ಟುಕೊಂಡು ಕನ್ನಡಿಯಲ್ಲಿ ಒಮ್ಮೆ ನೋಡಿದಳು. ಎರಡನೆಯ ಸಲ ನೋಡಲಿಲ್ಲ.

ಮರುದಿನ ಸಿಂಗಲ್ ಜೀವನದ ಉದ್ಘಾಟನೆಯಾಯಿತು. ಏಳುವುದು ಎಂಟಕ್ಕೆ. ರೊಟ್ಟಿ ಇಲ್ಲ, ಬುತ್ತಿ ಇಲ್ಲ. ಗಾಡಿಯ ಮುಂದೆ ನಿಂತು ನಾಷ್ಟಾ. (ಅಲ್ಲಿ ಉಗ್ಗಾಣಿ ಮಿರ್ಚಿ ಚೆನ್ನಾಗಿರುತ್ತದಂತೆ. ಅವಳು ಇಡ್ಲಿ ತಿಂದಳು.) ಹಗಲೆಲ್ಲ ಯೂನಿಟ್ಟಿನಲ್ಲಿ ಹಿಂದಿನ ಕಿಸೆ. ಯಾವ ಯಾವ ಊರಿನ ಯಾವ ಯಾವ ಮಹಾಶಯರು ತನ್ನ ಹೊಲಿಗೆಯ ಮೇಲೆ ಕೂರುತ್ತಾರೋ ಎಂದು ನೆನೆದರೆ ಅವಳಿಗೆ ನಗು ಬರುತ್ತಿತ್ತು. ಸಂಜೆ ಬಂದು ಒಂದು ಹಿಡಿ ಅನ್ನ, ಚಟ್ನಿಪುಡಿ. ಕಾಲು ಚಾಚಿ ಮಲಗಿದರೆ ಕಾಲು ಯಾರಿಗೂ ತಾಗುತ್ತಿರಲಿಲ್ಲ.

ಆದರೆ ಗಂಡನನ್ನು ಸಾಕುವುದು ಸುಲಭವಲ್ಲ. ಇಲ್ಲದ ಗಂಡನನ್ನು ಸಾಕುವುದು ಇನ್ನೂ ಕಷ್ಟ.

ಮೊದಲ ದಿನವೇ ದಾವಲಬೀ ಕೇಳಿದಳು: “ನಿಮ್ಮನಿಯವ್ರು ಕಾಣಲಿಲ್ಲಲ್ಲ?”

“ಆರೂವರಿಗೆ ಬಂದು ಮಲಗ್ಯಾರ ಆಪಾ.”

“ಮತ್ತ ಹೊರಗ ಕೀಲಿ ಹಾಕ್ಕೊಂಡು ಹೊಂಟೀದಿ?”

“ಯಾರರ ಬಾಗಿಲು ಬಡಿದ್ರ ಅವ್ರಿಗೆ ನಿದ್ದಿ ಕೆಡ್ತೈತಿ. ನಿದ್ದಿ ಕೆಟ್ರ ಭಾಳ ಸಿಟ್ಟು. ಅವ್ರ ಕೀಲಿ ಹಾಕ್ಕೊಂಡು ಹೋಗು ಅಂದಾರ.”

ದಾವಲಬೀಗೆ ದುಡಿಯುವ ಗಂಡಸೆಂದರೆ ಗೌರವ. ಅಂದಿನಿಂದ ಅವಳ ಅಂಗಳದಲ್ಲಿ ಮೌನ ಆಳತೊಡಗಿತು. ಮೊಮ್ಮಕ್ಕಳು ತುದಿಗಾಲಲ್ಲಿ ಓಡಾಡಿದರು. ಉಳ್ಳಾಗಡ್ಡಿ ಮಾರುವವನಿಗೆ ಗಲ್ಲಿಯ ತುದಿಯಲ್ಲೇ ಬಾಯಿ ಮುಚ್ಚಲು ಅಪ್ಪಣೆಯಾಯಿತು. ದಾವಲಬೀ ಸೊಸೆಯನ್ನು ಬೈಯಬೇಕಾದರೆ ಹತ್ತಿರ ಕರೆದು, ಕಿವಿಯಲ್ಲಿ ಬೈದು, ವಾಪಸು ಕಳಿಸುತ್ತಿದ್ದಳು. ಬದುಕಿದ್ದಾಗ ಕರಿಬಸವನಿಗೆ ಒಂದು ದಿನವೂ ಸಿಗದ ನಿಶ್ಶಬ್ದ ಈಗ ಇಡೀ ಗಲ್ಲಿಯಿಂದ ಸಲ್ಲುತ್ತಿತ್ತು.

ವಾರ ಕಳೆಯಿತು. ದಾವಲಬೀಯ ಮಗ ಸೈಫುದ್ದೀನ್ ಆಟೋ ಓಡಿಸುವವನು, ಲೋಕ ಕಂಡವನು. ಅವನು ತಲೆ ಕೆರೆದುಕೊಂಡ.

“ಅಕ್ಕಾ, ಕುಡತಿನ್ಯಾಗ ವಾರಕ್ಕೊಮ್ಮಿ ಶಿಫ್ಟ್ ಬದಲಾಗ್ತೈತಲ್ಲ? ಅಣ್ಣಂದು ಮತ್ತ ನೈಟೇನು?”

ಜಡೆಮ್ಮ ಪಾಳಿಗಳನ್ನು ಒಂದೊಂದಾಗಿ ತೂಗಿ ನೋಡಿದಳು. ಬೆಳಗಿನ ಪಾಳಿ ಎಂದರೆ, ದಾವಲಬೀ ನಮಾಜಿಗೆ ಐದಕ್ಕೇ ಎದ್ದಿರುತ್ತಾಳೆ. ಮಧ್ಯಾಹ್ನದ ಪಾಳಿ ಎಂದರೆ, ಆ ಹೊತ್ತಿಗೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಾ ಕುಳಿತಿರುತ್ತಾಳೆ. ರಾತ್ರಿ ಮಾತ್ರ ಬೇಗ ಮಲಗುತ್ತಾಳೆ, ನಮಾಜು ಮುಗಿದ ಮೇಲೂ ಏಳರವರೆಗೆ ಇನ್ನೊಂದು ನಿದ್ದೆ ತೆಗೆಯುತ್ತಾಳೆ. ಸತ್ತ ಗಂಡನಿಗೆ ಹೊಂದುವುದು ರಾತ್ರಿ ಪಾಳಿಯೊಂದೇ.

“ಅವ್ರ ಸಾಹೇಬನಿಗೆ ಇವ್ರ ಮ್ಯಾಲೆ ಸಿಟ್ಟಪ್ಪ. ಬರೇ ನೈಟೇ ಹಾಕ್ತಾನ.”

ದಾವಲಬೀ ಆ ಸಾಹೇಬನ ವಂಶವನ್ನೆಲ್ಲ ಕರೆದು (ಮೆಲ್ಲಗೆ) ಶಪಿಸಿದಳು. ಅಂದಿನಿಂದ ದಿನಾ ಸಂಜೆ ಬಾದಾಮಿ ಹಾಕಿದ ಒಂದು ಲೋಟ ಹಾಲು ಬರತೊಡಗಿತು. “ನೈಟ್ ಮಾಡೋ ಮನುಷ್ಯಾಗ ತ್ರಾಣ ಬೇಕು. ಅವ್ರಿಗಷ್ಟ ಕೊಡು, ನೀ ಕುಡಿಬ್ಯಾಡ.” ಜಡೆಮ್ಮ ಬಾಗಿಲು ಹಾಕಿಕೊಂಡು ಗಂಡನ ಪರವಾಗಿ ಕುಡಿಯುತ್ತಿದ್ದಳು. ಎರಡು ತಿಂಗಳಲ್ಲಿ ಅವಳ ಕುಪ್ಪಸ ಬಿಗಿಯಾಯಿತು.

“ಗಂಡಗ ಹಾಲು, ಹೆಂಡ್ತಿಗೆ ಮೈ,” ಎಂದು ದಾವಲಬೀ ಆಶ್ಚರ್ಯಪಟ್ಟಳು. “ಅಂವ ಏನು ಮನುಷ್ಯಾನೋ ಯವ್ವಾ, ಕುಡಿದಿದ್ದೂ ನಿನಗ ಹತ್ತತೈತಿ.”

ಎಲ್ಲವೂ ಹೀಗೇ ನಡೆಯುತ್ತಿತ್ತೇನೋ. ನಡುವೆ ಶೇಂಗಾ ಬಂತು.

ಒಂದು ಬುಧವಾರ ಜಡೆಮ್ಮ ಚಟ್ನಿಪುಡಿಗೆಂದು ಶೇಂಗಾ ಬಾಣಲೆಗೆ ಹಾಕಿ ಸಣ್ಣ ಉರಿ ಇಟ್ಟಳು. ಎಂಟಕ್ಕೆ ಏಳುವ ಸಿಂಗಲ್ ಜನಕ್ಕೆ ಒಂಬತ್ತರ ಕೆಲಸ ಎಂದರೆ ಓಟವೇ. ಸೆರಗು ಸಿಕ್ಕಿಸಿಕೊಂಡು, ಕೀಲಿ ಜಡಿದು ಓಡಿದಳು. ಶೇಂಗಾ ಒಲೆಯ ಮೇಲೆಯೇ ಉಳಿಯಿತು.

ಹತ್ತು ಗಂಟೆಗೆ ಕಿಟಕಿಯಿಂದ ಹೊಗೆ. ದಾವಲಬೀ ಕಂಡಳು. ಕಿರುಚಲು ಬಾಯಿ ತೆರೆದಳು. ಒಳಗೆ ಅವರು ಮಲಗಿದ್ದಾರೆ ಎಂದು ನೆನಪಾಗಿ ಮುಚ್ಚಿಕೊಂಡಳು. ಕಿಟಕಿಯ ಹತ್ತಿರ ಹೋಗಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಪಿಸುದನಿಯಲ್ಲಿ ಅಂದಳು:

“ಅಣ್ಣಾರ… ಸಿಟ್ಟಿಗೇಳಬ್ಯಾಡ್ರಿ. ಸ್ವಲ್ಪ ಹೊಗಿ ಬರಾಕತ್ತೈತಿ.”

ಅಣ್ಣಾರು ಸಿಟ್ಟಿಗೇಳಲಿಲ್ಲ.

“ಅಣ್ಣಾರ, ನಿದ್ದಿ ಆಮ್ಯಾಲ ಮಾಡಬಹುದು. ಮೊದಲ ಏಳ್ರಿ.”

ಆಗ ಹೊಗೆ ಕಪ್ಪಾಯಿತು. ಎರಡು ತಿಂಗಳಿಂದ ಗಂಟಲಲ್ಲೇ ಕೂಡಿಟ್ಟಿದ್ದ ದನಿಯನ್ನೆಲ್ಲ ದಾವಲಬೀ ಒಮ್ಮೆಲೇ ಹೊರಗೆ ಬಿಟ್ಟಳು. ಗಲ್ಲಿಗೆ ಗಲ್ಲಿಯೇ ಓಡಿಬಂತು. ಸೈಫುದ್ದೀನ್ ಹಾರೆ ತಂದು ಬಾಗಿಲು ಮೀಟಿ ಕೆಡವಿದ. ಬಾಯಿಗೆ ಟವೆಲ್ಲು ಕಟ್ಟಿ ಒಳಗೆ ನುಗ್ಗಿ ಗ್ಯಾಸು ಬಂದ್ ಮಾಡಿದ. ಕಣ್ಣು ಕಾಣದ ಹೊಗೆಯಲ್ಲಿ ಮಂಚದ ಮೇಲೆ ಕೈಯಾಡಿಸಿದ. ಮೆತ್ತಗೆ, ಉದ್ದಕ್ಕೆ ಮಲಗಿದ್ದ ಆಕಾರ ಸಿಕ್ಕಿತು. ಎರಡೂ ತೋಳಿನಲ್ಲಿ ಅಪ್ಪಿ ಎತ್ತಿಕೊಂಡು ಹೊರಗೆ ಓಡಿಬಂದು ಅಂಗಳದಲ್ಲಿ ಮಲಗಿಸಿದ.

“ಭಾಳ ಹಗುರ ಅದಾನಮ್ಮ ಅಣ್ಣ! ನೈಟ್ ಡ್ಯೂಟಿ ತಿಂದುಬಿಟ್ಟೈತಿ!”

ದಾವಲಬೀ ಕೊಡದ ನೀರನ್ನು ಮುಖವಿರಬೇಕಾದ ಕಡೆಗೆ ಸುರಿದಳು. “ಕಣ್ಣು ಬಿಡ್ರಿ ಅಣ್ಣಾರ, ಕಣ್ಣು ಬಿಡ್ರಿ!”

ಹೊಗೆ ತಿಳಿಯಾಯಿತು. ಅಂಗಳದಲ್ಲಿ ಜಡೆಮ್ಮ ಹೊದೆಯುವ ಕೌದಿ ನೆನೆದು ಬಿದ್ದಿತ್ತು.

ಮಂಚದ ಕೆಳಗೆ ನೋಡಿದರು. ಬಾಗಿಲ ಹಿಂದೆ ನೋಡಿದರು. ಯಾರೋ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದೂ ನೋಡಿದರು. ಗಂಡನಿಲ್ಲ.

ಸುದ್ದಿ ಕೇಳಿ ಜಡೆಮ್ಮ ಮೈಮೇಲೆ ನೀಲಿ ದಾರದ ತುಂಡುಗಳ ಸಮೇತ ಓಡಿಬರುವ ಹೊತ್ತಿಗೆ ಗಲ್ಲಿಯ ಪಂಚಾಯಿತಿ ತೀರ್ಮಾನಕ್ಕೆ ಬಂದಾಗಿತ್ತು. ದಾವಲಬೀ ಅವಳನ್ನು ಬದಿಗೆ ಕರೆದು ಕೈ ಹಿಡಿದುಕೊಂಡಳು.

“ಎದಿ ಗಟ್ಟಿ ಮಾಡ್ಕೊ ಯವ್ವಾ. ನಿನ್ನ ಗಂಡ ಒಳಗಿಲ್ಲ.”

ಈ ಸುದ್ದಿಗೆ ಬೆಚ್ಚಿಬೀಳುವುದು ಹೇಗೆ ಎಂದು ಜಡೆಮ್ಮ ಯೋಚಿಸುವಷ್ಟರಲ್ಲಿ ಸೈಫುದ್ದೀನ್ ಹೇಳಿದ:

“ನನಗ ಮೊದಲ ಡೌಟ್ ಇತ್ತಕ್ಕ. ಯಾವ ಸಾಹೇಬನೂ ಎರಡು ತಿಂಗಳು ಬರೇ ನೈಟ್ ಹಾಕಂಗಿಲ್ಲ. ನೈಟ್ ಅಂತ ಹೇಳಿ ಹೋಗೋದು ಬ್ಯಾರೆ ಕಡಿ. ಇನ್ನೊಂದು ಕೀಲಿ ಮಾಡಿಸ್ಕೊಂಡಾನ. ನೀವು ಕೆಲಸಕ್ಕ ಹೋದ್ರಿ ಅಂದ್ರ ಅಂವ ಜಾಗ ಖಾಲಿ.”

“ಮೊನ್ನೆ ಮೋತಿ ಸರ್ಕಲ್‌ನಾಗ ಒಬ್ಬಾಂವ ಒಬ್ಬಾಕಿನ್ನ ಗಾಡಿ ಮ್ಯಾಲ ಕುಂದ್ರಿಸ್ಕೊಂಡು ಹೊಂಟಿದ್ದ,” ಎಂದಳು ಪಕ್ಕದ ಮನೆಯವಳು.

“ಇವ್ರ ಗಂಡನ್ನ ನೀ ನೋಡೀಯೇನು?”

“ನೋಡಿಲ್ಲ. ಆದ್ರ ಮಾರಿ ನೋಡಿದ್ರ ಗೊತ್ತಾಗ್ತೈತಲ್ಲ, ಹೆಂಡ್ತಿಗೆ ಮೋಸ ಮಾಡೋ ಮಾರಿ.”

ಜಡೆಮ್ಮ ಕಟ್ಟೆಯ ಮೇಲೆ ಕುಳಿತಳು. ಮನಸ್ಸಿನಲ್ಲಿ ಲೆಕ್ಕ ಹಾಕಿದಳು. ಸುಮ್ಮನೆ ಅತ್ತರೆ ಸಾಕು, ಎಲ್ಲ ಮುಗಿಯುತ್ತದೆ. ಗಂಡ ಓಡಿಹೋದ. ಓಡಿಹೋದವನಿಗೆ ಇನ್ನು ಪಾಳಿ ಹಾಕಬೇಕಿಲ್ಲ. ದಾವಲಬೀ ಆಗಲೇ ಹೇಳುತ್ತಿದ್ದಳು: “ನೀ ಅಂಜಬ್ಯಾಡ. ಮನಿ ನಿನ್ನದು. ಅಂವ ಈ ಗಲ್ಲಿಗೆ ಕಾಲಿಟ್ರ ಕಾಲು ಮುರೀತೀನಿ.” ರೂಮು ಉಳಿಯಿತು. ಸಿರುಗುಪ್ಪದ ಹನ್ನೊಂದು ಬಾಯಿಗಳು ದೂರ ಉಳಿದವು. ಕೊಡಬೇಕಾದದ್ದು ಒಂದೇ, ಕರಿಬಸವನ ಮರ್ಯಾದೆ. ಅವನಿಗಂತೂ ಅದು ಈಗ ಉಪಯೋಗಕ್ಕಿಲ್ಲ.

ಜಡೆಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಚೆನ್ನಾಗಿಯೇ ನಡೆಯುತ್ತಿತ್ತು.

“ಅಳಬ್ಯಾಡ್ರಿ ಅಕ್ಕಾ,” ಎಂದ ಸೈಫುದ್ದೀನ್. “ಅಂಥಾ ಲಫಂಗನ ಸಲುವಾಗಿ ಯಾಕ ಅಳ್ತೀರಿ?”

ಜಡೆಮ್ಮ ಎದ್ದು ನಿಂತಳು.

“ಲೇ ಸೈಫುದ್ದೀನ, ನನ್ನ ಗಂಡಗ ಲಫಂಗ ಅನ್ನಾಕ ನೀ ಯಾರಲೇ? ಇಪ್ಪತ್ತಾರು ವರ್ಷ ಅವ್ರಿಗೆ ಏನೇನು ಅನ್ನಬೇಕೋ ಎಲ್ಲಾ ನಾನ ಅಂದೀನಿ. ನಿಮಗೇನೂ ಉಳಿಸಿಲ್ಲ! ಮೋತಿ ಸರ್ಕಲ್ಲಂತ, ಗಾಡಿಯಂತ! ಅವ್ರಿಗೆ ಗಾಡಿ ಹೊಡಿಯಾಕ ಬರತಿದ್ದಿಲ್ಲ! ಡ್ಯೂಟಿ ಬಿಟ್ರ ಮನಿ, ಮನಿ ಬಿಟ್ರ ಡ್ಯೂಟಿ. ಬ್ಯಾರೆ ಕಡಿ ಹೋಗೋ ಬುದ್ಧಿ ಇದ್ದಿದ್ರ ನನ್ನ ಕೂಡ ಯಾಕ ಇರ್ತಿದ್ರು?”

“ಮತ್ತ ಎಲ್ಲಿ ಅದಾರ?” ಎಂದಳು ದಾವಲಬೀ.

“ಎಲ್ಲೂ ಇಲ್ಲ. ಹೋದ ಶ್ರಾವಣದಾಗ ಸತ್ತಾರ.”

ಗಲ್ಲಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಮೌನ ಅವರಿಗೆಲ್ಲ ಈಗ ಚೆನ್ನಾಗಿ ಅಭ್ಯಾಸವಾಗಿತ್ತು.

ದಾವಲಬೀ ಬೆರಳು ಮಡಚಿ ತಿಂಗಳು ಎಣಿಸಿದಳು. ಎರಡು ಸಲ ಎಣಿಸಿದಳು.

“ಹಂಗಾರ ಎರಡು ತಿಂಗಳಿಂದ ನಾವು ಯಾರ ಸಲುವಾಗಿ ಪಿಸಿಪಿಸಿ ಮಾತಾಡಿದ್ವಿ?”

ಜಡೆಮ್ಮ ಮೈಮೇಲಿನ ನೀಲಿ ದಾರದ ತುಂಡೊಂದನ್ನು ಕಿತ್ತಳು.

“ಬಾದಾಮಿ ಹಾಲು?”

ಜಡೆಮ್ಮ ಕುಪ್ಪಸದ ಮೇಲೆ ಸೆರಗು ಎಳೆದುಕೊಂಡಳು.

“ನನ್ನ ಸೊಸಿಗೆ ಕಿವ್ಯಾಗ ಬೈದು ಬೈದು ಆಕಿ ನನ್ನ ಅಂಜೋದ ಬಿಟ್ಟಾಳ! ನಾ ಜೋರು ಬೈದು ಎಷ್ಟು ದಿನ ಆತು ಗೊತ್ತೇನು?”

“ಒಬ್ಬಾಕಿ ಅಂದ್ರ ಯಾರೂ ಮನಿ ಕೊಡ್ಲಿಲ್ಲ ಆಪಾ. ನಾ ಸಾಮಾನು ಕಟ್ತೀನಿ.”

ಅವಳು ಒಳಗೆ ಹೋಗಿ ಮಸಿ ಹಿಡಿದ ಬಾಣಲೆಯನ್ನು ಚೀಲಕ್ಕೆ ತುರುಕಿದಳು. ದಾವಲಬೀ ಹಿಂದೆಯೇ ಬಂದು ಮಂಚದ ಮೇಲೆ ಕುಳಿತಳು. ಈ ಸಲ ದನಿ ತಾನಾಗಿಯೇ ಇಳಿದಿತ್ತು.

“ಒಬ್ಬರಿಗೆ ಯಾಕ ಕೊಡಂಗಿಲ್ಲ ಅಂತ ಕೇಳೀಯೇನು? ನಿನ್ನ ಮೊದಲ ಇಲ್ಲಿ ಒಬ್ಬರು ಮಾಸ್ತರು ಇದ್ರು. ಒಬ್ಬರ. ಒಂದಿನ ಬಾಗಿಲು ತೆಗೀಲಿಲ್ಲ. ಮಲಗ್ಯಾರ ಅಂದ್ಕೊಂಡ್ವಿ. ಎರಡು ದಿನ ಮಲಗ್ಯಾರ, ಮಲಗ್ಯಾರ ಅಂದ್ಕೊಂತ ನಾ ಇದ ಅಂಗಳದಾಗ ಅಕ್ಕಿ ಆರಿಸ್ದೆ.”

ಜಡೆಮ್ಮನ ಕೈ ನಿಂತಿತು.

“ಈಗ ನೀನೂ ನನ್ನ ಬಾಯಿಲೆ ಅದನ್ನ ಅನಿಸಿದಿ. ಮಲಗ್ಯಾರ, ಮಲಗ್ಯಾರ ಅಂತ.”

ಅಷ್ಟರಲ್ಲಿ ಜಡೆಮ್ಮನ ಫೋನು ರಿಂಗಾಯಿತು. ಮರಿಬಸಪ್ಪ. ಬಳ್ಳಾರಿಯ ಹೊಗೆ ಸಿರುಗುಪ್ಪದವರೆಗೆ ಇಷ್ಟು ಬೇಗ ಹೇಗೆ ಹೋಯಿತೋ. “ನಮ್ಮ ಭಾವ. ಕರ್ಕೊಂಡು ಹೋಗಾಕ ಗಾಡಿ ತರ್ತಾರ,” ಎಂದಳು ಜಡೆಮ್ಮ. ಅವಳ ಕೈಯಿಂದ ದಾವಲಬೀ ಫೋನು ಕಿತ್ತುಕೊಂಡಳು.

“ಹಾಂ, ಹೇಳ್ರಿ… ಬೆಂಕಿ? ಯಾವ ಬೆಂಕಿ? ಶೇಂಗಾ ಹುರದ್ವಿ… ಗಾಡಿ ಯಾಕ ತರ್ತೀರಿ? ಇಲ್ಲಿ ಸಾಮಾನು ಇಡಾಕ ಜಾಗಿಲ್ಲ… ಒಬ್ಬಾಕಿ? ಯಾರ್ರೀ ಅಂದಿದ್ದು ಒಬ್ಬಾಕಿ ಅಂತ? ಗಲ್ಲಿ ತುಂಬ ಮಂದಿ ನಿಂತಾರ, ಬಂದು ಎಣಿಸ್ಕೊಂಡು ಹೋಗ್ರಿ!”

ಆ ದಿನ ಎರಡನೆಯ ಸಲ ಹೊರಬಿದ್ದ ಆ ದನಿಗೆ ಸಿರುಗುಪ್ಪದ ಲೈನು ತಾನಾಗಿಯೇ ಕಡಿಯಿತು.

ಜಡೆಮ್ಮ ಕಾಲಿಗೆ ಬೀಳಲು ಬಗ್ಗಿದಳು.

“ಏಳು, ನಾಟಕ ಸಾಕು,” ಎಂದಳು ದಾವಲಬೀ. “ಬಾಗಿಲು ಮಾಡಸೋದು ನಿಂದು. ಇನ್ನೊಂದು. ದಿನಾ ಆರೂವರಿಗೆ ಅಂಗಳ ಪೂರಾ ಗುಡಸಬೇಕು. ಕಡ್ಡಿ ಕಸಬರಿಗಿಲೆ. ಆ ಸಪ್ಪಳ ನನ್ನ ಹಾಸಿಗಿಗೆ ಕೇಳಬೇಕು. ಕೇಳಲಿಲ್ಲಂದ್ರ ಸೈಫುದ್ದೀನ ಮತ್ತ ಬಾಗಿಲು ಒಡೀತಾನ.”

“ಆರೂವರಿಗೆ ಏನ್ ಆಪಾ?” ಸಿಂಗಲ್ ಮಹಿಳೆಯ ಎಂಟರವರೆಗಿನ ನಿದ್ದೆ ಕಣ್ಣ ಮುಂದೆಯೇ ಹೊಗೆಯಾಗಿ ಹೋಯಿತು. “ರಜಾದ ಐತವಾರಾನೂ?”

“ಐತವಾರ ಯಾರೂ ಸಾಯಂಗಿಲ್ಲೇನು?”

ಬಾಗಿಲು ಹೊಸದಾಗಿದೆ. ಬಾದಾಮಿ ಹಾಲು ನಿಂತಿದೆ. ಸೊಸೆಗೆ ಬೈಗುಳ ಮತ್ತೆ ಜೋರಾಗಿಯೇ ಸಿಗುತ್ತಿದೆ. ಜಡೆಮ್ಮ ಈಗಲೂ ದಿನಾ ಆರೂವರೆಗೆ ಏಳುತ್ತಾಳೆ. ಶಪಿಸುತ್ತಲೇ ಏಳುತ್ತಾಳೆ. ನೀರು ಚಿಮುಕಿಸಿ, ಕಸಬರಿಗೆ ಹಿಡಿದು, ತನ್ನ ಬಾಗಿಲಿಂದ ಶುರುಮಾಡಿ ದಾವಲಬೀಯ ಬಾಗಿಲವರೆಗೆ ಗುಡಿಸುತ್ತಾಳೆ. ಕೆಲವು ದಿನ ಅಂಗಳದಲ್ಲಿ ಕಸವೇ ಇರುವುದಿಲ್ಲ. ಆದರೂ ಗುಡಿಸುತ್ತಾಳೆ. ಅರ್ಧಕ್ಕೆ ಬಂದಾಗ ಒಳಗಿನಿಂದ ನಿದ್ದೆಗಣ್ಣಿನ ದನಿ ಬರುತ್ತದೆ.

“ಅದೀಯೇನಬೇ?”

“ಅದೀನಿ ಆಪಾ,” ಎನ್ನುತ್ತಾಳೆ ಜಡೆಮ್ಮ, ಮತ್ತು ಉಳಿದರ್ಧ ಗುಡಿಸುತ್ತಾಳೆ.